ಸ್ಲೈಡಿನಲ್ಲಿ ಸುರಂಗದ ಫೋಟೊಗಳು: ಎತ್ತರದ ಚಿತ್ರಗಳನ್ನು ಅಗಲದ ಪರದೆಗೆ ಹೊಂದಿಸುವುದು ಹೇಗೆ?

ಪ್ರಶ್ನೆ – ಎಣ್ಮಕಜೆ ಟೀಚರ್

ಎಲ್ಲರಿಗೂ ನಮಸ್ಕಾರ. ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಈ ವರ್ಷ ಊರಿನ ಸುರಂಗಗಳ ಕುರಿತು ಒಂದು ಪ್ರೆಸೆಂಟೇಶನ್ ಸಿದ್ಧಪಡಿಸುತ್ತಿದ್ದಾರೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಕ್ಕೆ ಕೊರೆದು, ಒಳಗಿನ ಒಸರನ್ನು ಪಂಪಿನ ಹಂಗಿಲ್ಲದೆ ಇಳಿಜಾರಿನಲ್ಲೇ ಹೊರಗೆ ತಂದು, ಅಂಗಳದ ಟ್ಯಾಂಕಿಗೋ ತೋಟದ ಕೆರೆಗೋ ಬಿಡುವ ಈ ವಿಧಾನ ನಮ್ಮ ಕಡೆಯ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿರುವುದರಿಂದ ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಲಿಲ್ಲ. ಬಾಯಾರು, ಶೇಣಿ, ಪಡ್ರೆ ಕಡೆಯ ಮನೆಗಳಿಗೆ ಹಿರಿಯರ ಜೊತೆಯಲ್ಲಿ ಹೋಗಿ, ಮನೆಯವರ ಒಪ್ಪಿಗೆ ಕೇಳಿಕೊಂಡು, ಮೊಬೈಲಿನಲ್ಲಿ ಬೇಕಾದಷ್ಟು ಫೋಟೊ ತೆಗೆದು ತಂದಿದ್ದಾರೆ.

ತೊಡಕು ಇರುವುದು ಆ ಫೋಟೊಗಳನ್ನು ಸ್ಲೈಡಿಗೆ ಹಾಕುವಲ್ಲಿ. ಸುರಂಗವೇ ಕಿರಿದಾಗಿ ಎತ್ತರವಾಗಿರುವುದರಿಂದ ಎಲ್ಲರೂ ಮೊಬೈಲನ್ನು ನೆಟ್ಟಗೆ ಹಿಡಿದೇ ಚಿತ್ರ ತೆಗೆದಿದ್ದಾರೆ. ಸ್ಲೈಡಿಗೆ ತಂದಾಗ ಚಿತ್ರವು ನಡುವೆ ಒಂದು ಪಟ್ಟಿಯಂತೆ ನಿಂತು ಎರಡೂ ಕಡೆ ಜಾಗ ಖಾಲಿ ಉಳಿಯುತ್ತದೆ. ಆ ಖಾಲಿಯನ್ನು ತುಂಬಿಸಲು ಮಕ್ಕಳು ಚಿತ್ರದ ಅಂಚನ್ನು ಹಿಡಿದು ಪಕ್ಕಕ್ಕೆ ಎಳೆಯುತ್ತಾರೆ. ಹಾಗೆ ಎಳೆದ ಚಿತ್ರದಲ್ಲಿ, ಒಬ್ಬರು ಮೈ ಕುಗ್ಗಿಸಿಕೊಂಡು ಸಾಗಬೇಕಾದ ಸುರಂಗವು ಜೀಪು ಹೋಗುವಷ್ಟು ಅಗಲವಾಗಿ ಕಾಣುತ್ತದೆ. ಒಳಗಿನ ಚಿತ್ರಗಳೆಲ್ಲ ಕತ್ತಲೆಯಾಗಿದ್ದು, ತರಗತಿಯ ಗೋಡೆಯ ಮೇಲೆ ಮೂಡಿಸಿದಾಗ ಏನೂ ತಿಳಿಯುವುದಿಲ್ಲ. ಫೈಲು ಎಷ್ಟು ಭಾರವಾಗಿದೆಯೆಂದರೆ ಶಾಲೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡದ ಹೆಸರುಪಟ್ಟಿಗಳು ಇನ್ನೊಂದರಲ್ಲಿ ಚಿತ್ರ ಬಿಟ್ಟು ಬೇರೆಲ್ಲೋ ಹೋಗಿ ಕುಳಿತಿರುತ್ತವೆ.

ಶಾಲೆಯಲ್ಲಿ ನಾವು ಬಳಸುವುದು ಲಿಬ್ರೆಆಫೀಸ್ ಇಂಪ್ರೆಸ್. ಕೆಲವು ಮಕ್ಕಳ ಮನೆಯಲ್ಲಿ ಪವರ್‌ಪಾಯಿಂಟ್ ಇದೆ. ಚಿತ್ರಗಳನ್ನು ಕೆಡಿಸದೆ, ನೋಡುವವರಿಗೆ ವಿಷಯ ತಿಳಿಯುವಂತೆ ಜೋಡಿಸುವ ಕ್ರಮವನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ – ಬದಿಯಡ್ಕದ ಮಾಷ್ಟ್ರು

ಟೀಚರ್, ಪಕ್ಕಕ್ಕೆ ಎಳೆದ ಚಿತ್ರದ ಬಗ್ಗೆ ನೀವು ಬರೆದ ಮಾತೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ನಮ್ಮ ಸುರಂಗಗಳು ಸಾಮಾನ್ಯವಾಗಿ ಎರಡಡಿ ಆಸುಪಾಸಿನ ಅಗಲ ಮತ್ತು ಒಬ್ಬ ಆಳಿನ ಎತ್ತರ ಇರುವಂಥವು. ಒಬ್ಬನೇ ಮನುಷ್ಯ ಪಿಕ್ಕಾಸು ಹಿಡಿದು, ತನಗೆ ಬೇಕಾದಷ್ಟೇ ಜಾಗವನ್ನು ಕೊರೆದುಕೊಂಡು ಒಳಗೆ ಸಾಗಿದ್ದಾನೆ ಎಂಬುದು ಆ ಅಳತೆಯಿಂದಲೇ ಗೊತ್ತಾಗುತ್ತದೆ. ಚಿತ್ರವನ್ನು ಹಿಗ್ಗಿಸಿದರೆ ಆ ಸಂಗತಿಯೇ ಸುಳ್ಳಾಗುತ್ತದೆ. ಆದ್ದರಿಂದ ಚಿತ್ರದ ಅಗಲ ಮತ್ತು ಎತ್ತರದ ಪ್ರಮಾಣವನ್ನು ಯಾವ ಕಾರಣಕ್ಕೂ ಮುಟ್ಟಬಾರದು ಎಂಬ ನಿಯಮವನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ. ಚಿತ್ರದ ಅಂಚಿನ ನಡುವೆ ಇರುವ ಹಿಡಿಯನ್ನು ಎಳೆದರೆ ಪ್ರಮಾಣ ಕೆಡುತ್ತದೆ. ಇಂಪ್ರೆಸ್ಸಿನಲ್ಲಿ ಚಿತ್ರವನ್ನು ಆರಿಸಿ ಎಫ್4 ಕೀಲಿ ಒತ್ತಿದರೆ ಸ್ಥಾನ ಮತ್ತು ಗಾತ್ರದ ಕಿಟಕಿ ತೆರೆಯುತ್ತದೆ. ಅಲ್ಲಿ ‘ಕೀಪ್ ರೇಶಿಯೊ’ ಎಂಬಲ್ಲಿ ಗುರುತು ಹಾಕಿ ಎತ್ತರವನ್ನು ಮಾತ್ರ ಅಂಕಿಯಲ್ಲಿ ತುಂಬಿಸಿದರೆ ಅಗಲ ತಾನಾಗಿ ಸರಿಹೋಗುತ್ತದೆ. ಕೈಯಿಂದ ಎಳೆಯುವ ಅಭ್ಯಾಸವನ್ನೇ ಬಿಡಿಸಿ ಅಂಕಿ ಬರೆಯುವ ಅಭ್ಯಾಸ ಮಾಡಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಹತ್ತು ಸ್ಲೈಡುಗಳಲ್ಲಿ ಚಿತ್ರಗಳು ಒಂದೇ ಗಾತ್ರದಲ್ಲಿ ನಿಲ್ಲಬೇಕಾದರೆ ಕಣ್ಣಂದಾಜು ಸಾಲುವುದಿಲ್ಲ.

ಈಗ ಖಾಲಿ ಜಾಗದ ಪ್ರಶ್ನೆ. ಇಂಪ್ರೆಸ್ಸಿನ 16:9 ಸ್ಲೈಡಿನ ಅಗಲ 28 ಸೆಂ.ಮೀ., ಎತ್ತರ 15.75 ಸೆಂ.ಮೀ. ನೆಟ್ಟಗೆ ಹಿಡಿದು ತೆಗೆದ ಮೊಬೈಲ್ ಚಿತ್ರ ಸಾಮಾನ್ಯವಾಗಿ 3:4 ಪ್ರಮಾಣದಲ್ಲಿರುತ್ತದೆ. ಅದನ್ನು ಸ್ಲೈಡಿನ ಪೂರ್ತಿ ಎತ್ತರಕ್ಕೆ ನಿಲ್ಲಿಸಿದರೆ ಹೆಚ್ಚುಕಡಿಮೆ 11.8 ಸೆಂ.ಮೀ. ಅಗಲವಾಗುತ್ತದೆ, ಅಂದರೆ ಅರ್ಧ ಸ್ಲೈಡನ್ನೂ ತುಂಬುವುದಿಲ್ಲ. ಎತ್ತರವನ್ನು 11 ಸೆಂ.ಮೀ.ಗೆ ಇಳಿಸಿದರೆ ಅಗಲ 8.25 ಆಗುತ್ತದೆ, ಅಂಥ ಮೂರು ಚಿತ್ರಗಳಿಗೆ 24.75 ಸೆಂ.ಮೀ. ಬೇಕು. ಎರಡೂ ಬದಿಗೆ ಒಂದೊಂದು ಸೆಂಟಿಮೀಟರ್ ಅಂಚು ಬಿಟ್ಟರೂ ಚಿತ್ರಗಳ ನಡುವೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಅಂತರ ಉಳಿಯುತ್ತದೆ. ಮೇಲೆ ಶೀರ್ಷಿಕೆಗೂ ಕೆಳಗೆ ವಿವರಣೆಗೂ ಜಾಗ ಸಿಗುತ್ತದೆ. ಎತ್ತರದ ಚಿತ್ರಗಳು ಒಂಟಿಯಾಗಿ ನಿಂತಾಗ ಸ್ಲೈಡು ಬರಿದಾಗಿ ಕಾಣುತ್ತದೆ, ಮೂರು ಒಟ್ಟಾಗಿ ನಿಂತಾಗ ತುಂಬಿಕೊಳ್ಳುತ್ತದೆ. ಸುರಂಗದ ಬಾಯಿ, ಒಳಗಿನ ದಾರಿ, ಕೊನೆಯಲ್ಲಿ ಒಸರು ಜಿನುಗುವ ಗೋಡೆ ಎಂಬ ಮೂರು ಚಿತ್ರಗಳನ್ನು ಎಡದಿಂದ ಬಲಕ್ಕೆ ಇಟ್ಟರೆ ನೋಡುವವರು ಒಳಗೆ ನಡೆದುಕೊಂಡು ಹೋದ ಕ್ರಮವೇ ಅಲ್ಲಿ ಮೂಡುತ್ತದೆ.

ಮೂರನ್ನೂ ಸಾಲಾಗಿ ನಿಲ್ಲಿಸಲು ಶಿಫ್ಟ್ ಒತ್ತಿ ಹಿಡಿದು ಒಂದೊಂದಾಗಿ ಆರಿಸಿ, ಅಲೈನ್ ಪಟ್ಟಿಯಲ್ಲಿ ಮೇಲಂಚಿಗೆ ಹೊಂದಿಸಿ. ಬಳಿಕ ಡಿಸ್ಟ್ರಿಬ್ಯೂಟ್ ಆಯ್ಕೆಯಿಂದ ನಡುವಿನ ಅಂತರವನ್ನು ಸಮ ಮಾಡಿ. ಡಿಸ್ಟ್ರಿಬ್ಯೂಟ್ ಕೆಲಸ ಮಾಡಬೇಕಾದರೆ ಕನಿಷ್ಠ ಮೂರು ವಸ್ತುಗಳು ಆಯ್ಕೆಯಾಗಿರಬೇಕು. ಎರಡೇ ಇದ್ದಾಗ ಆ ಆಯ್ಕೆ ಮಸುಕಾಗಿ ಕಾಣುವುದನ್ನು ನೋಡಿ ಮಕ್ಕಳು ಸಾಫ್ಟ್‌ವೇರ್ ಕೆಟ್ಟಿದೆಯೆಂದು ತಿಳಿಯುವುದುಂಟು. ಪವರ್‌ಪಾಯಿಂಟಿನಲ್ಲಿಯೂ ಇವೇ ಹೆಸರುಗಳಿವೆ. ಅಲ್ಲಿ ಕ್ರಾಪ್ (ಅಂಚು ಕತ್ತರಿಸುವ) ಪಟ್ಟಿಯೊಳಗೆ ಪ್ರಮಾಣವನ್ನು ನೇರವಾಗಿ ಆರಿಸುವ ಅನುಕೂಲವಿದ್ದು, ಬೇರೆ ಬೇರೆ ಮೊಬೈಲುಗಳಿಂದ ಬಂದ ಚಿತ್ರಗಳನ್ನೆಲ್ಲ 3:4ಕ್ಕೆ ತರುವುದು ಬಹಳ ಸುಲಭ.

ಉತ್ತರ – ಕುಂಬಳೆ ಸ್ಟುಡಿಯೊ

ಕುಂಬಳೆಯಲ್ಲಿ ಬಹಳ ಕಾಲ ಸ್ಟುಡಿಯೊ ನಡೆಸಿದವನು ನಾನು. ಮಾಷ್ಟ್ರು ಹೇಳಿದ ಲೆಕ್ಕ ಸರಿಯಾಗಿದೆ. ಕತ್ತಲೆಯ ವಿಷಯವನ್ನು ನಾನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಸುರಂಗದ ಚಿತ್ರಕ್ಕೆ ಅದೇ ಜೀವ.

ಪ್ರೊಜೆಕ್ಟರ್ ಬೆಳಕನ್ನು ಮಾತ್ರ ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪಾಗಿರುವ ಕಡೆ ಅದು ಬೆಳಕನ್ನು ತಡೆಯುತ್ತದೆ, ಅಷ್ಟೇ. ಆಗ ಗೋಡೆಯ ಮೇಲೆ ಉಳಿಯುವುದು ತರಗತಿಯ ಕಿಟಕಿಯಿಂದ ಬಂದ ಬೆಳಕು. ಆದ್ದರಿಂದ ಲ್ಯಾಪ್‌ಟಾಪಿನ ಪರದೆಯಲ್ಲಿ ಕಪ್ಪಿನೊಳಗೆ ನಿಮಗೆ ಕಾಣುವ ಪಿಕ್ಕಾಸಿನ ಗೆರೆಗಳು, ಗೋಡೆಯ ತೇವ, ಕಾಲಡಿಯ ನೀರಿನ ಹೊಳಪು ಇವೆಲ್ಲ ಗೋಡೆಯ ಮೇಲೆ ಒಂದೇ ಬೂದುಬಣ್ಣವಾಗಿ ಕರಗಿಹೋಗುತ್ತವೆ. ಚಿತ್ರದ ಬ್ರೈಟ್‌ನೆಸ್ ಅನ್ನು ಒಟ್ಟಾರೆ ಏರಿಸಿದರೆ ಸುರಂಗದ ಬಾಯಿಯಲ್ಲಿರುವ ಹಗಲಿನ ಬೆಳಕು ಪೂರ್ತಿ ಬಿಳಿಯಾಗಿ ಅಲ್ಲಿನ ವಿವರ ಹೋಗುತ್ತದೆ. ಬೇಕಾಗಿರುವುದು ಕತ್ತಲೆಯ ಭಾಗವನ್ನು ಮಾತ್ರ ಎತ್ತುವುದು. ಅದಕ್ಕೆ ಚಿತ್ರ ತಿದ್ದುವ ಗಿಂಪ್ ಸಾಫ್ಟ್‌ವೇರಿನ ಕಲರ್ಸ್ ಪಟ್ಟಿಯಲ್ಲಿ ಲೆವೆಲ್ಸ್ ತೆರೆದು, ನಡುವಿನ ಮುಳ್ಳನ್ನು ಎಡಕ್ಕೆ ನಿಧಾನವಾಗಿ ಸರಿಸಬೇಕು. ಎರಡು ತುದಿಯ ಮುಳ್ಳುಗಳನ್ನು ಮುಟ್ಟುವ ಅಗತ್ಯ ಹೆಚ್ಚಾಗಿ ಬರುವುದಿಲ್ಲ. ಅಲ್ಲಿಯೇ ಇರುವ ಶ್ಯಾಡೋಸ್-ಹೈಲೈಟ್ಸ್ ಎಂಬುದು ಇನ್ನೂ ಸೂಕ್ಷ್ಮವಾಗಿ ಈ ಕೆಲಸ ಮಾಡುತ್ತದೆ. ಎಲ್ಲಿಯವರೆಗೆ ಎತ್ತಬೇಕೆಂದರೆ, ಮುರಕಲ್ಲಿನ ಕೆಂಪು ಕಾಣತೊಡಗುವವರೆಗೆ. ಅದಕ್ಕಿಂತ ಮುಂದೆ ಹೋದರೆ ಕತ್ತಲೆಯೊಳಗೆ ಬಣ್ಣಬಣ್ಣದ ಕಾಳುಗಳು ಏಳುತ್ತವೆ; ಮೊಬೈಲಿನ ಸಣ್ಣ ಸೆನ್ಸರಿಗೆ ಸಾಕಷ್ಟು ಬೆಳಕು ಸಿಗದಾಗ ಹುಟ್ಟಿದ ಕಾಳುಗಳು ಅವು, ಆಮೇಲೆ ತೆಗೆಯಹೋದರೆ ಕಲ್ಲಿನ ಒರಟುತನವೂ ಅಳಿಸಿಹೋಗುತ್ತದೆ.

ಕ್ರಾಪ್ ಮಾಡುವಾಗ ಒಂದು ಎಚ್ಚರಿಕೆ ಬೇಕು. ಸುರಂಗದ ಬಾಯಿಯ ಚಿತ್ರದಲ್ಲಿ ಪಕ್ಕದಲ್ಲಿ ನಿಂತ ಮನುಷ್ಯನನ್ನೋ ಬಾಗಿಲ ಬಳಿ ಒರಗಿಸಿಟ್ಟ ಹಾರೆಯನ್ನೋ ಅಡ್ಡಿಯೆಂದು ಕತ್ತರಿಸಿ ತೆಗೆಯಬೇಡಿ. ಅಳತೆ ಗೊತ್ತಾಗುವುದೇ ಅವುಗಳಿಂದ. ಅವರ ಕಾಲು ನೆಲಕ್ಕೆ ತಾಗಿರುವ ಜಾಗವೂ ಉಳಿಯಲಿ. ಕತ್ತರಿಸಬೇಕಾದದ್ದು ಮೇಲಿನ ಆಕಾಶ, ಬದಿಯ ಪೊದೆ, ಮುಂದಿನ ಅಂಗಳ. ನಾಲ್ಕು ಸುರಂಗಗಳನ್ನು ಒಂದೇ ಸ್ಲೈಡಿನಲ್ಲಿ ಹೋಲಿಸುವುದಾದರೆ ಎಲ್ಲವನ್ನೂ 1:2 ಪ್ರಮಾಣಕ್ಕೆ ಕಿರಿದಾಗಿ ಕತ್ತರಿಸಿ; 11 ಸೆಂ.ಮೀ. ಎತ್ತರಕ್ಕೆ 5.5 ಅಗಲ ಬರುತ್ತದೆ, ನಾಲ್ಕೂ ಆರಾಮವಾಗಿ ಹಿಡಿಯುತ್ತವೆ. ಆದರೆ ನಾಲ್ಕರಲ್ಲಿಯೂ ಸುರಂಗದ ನೆಲ ಒಂದೇ ಮಟ್ಟದಲ್ಲಿರುವಂತೆ ಕತ್ತರಿಸಬೇಕು. ನೆಲ ಮೇಲೆ ಕೆಳಗೆ ಆದರೆ ಅಂಚುಗಳು ಎಷ್ಟೇ ಸರಿಯಾಗಿ ಹೊಂದಿದ್ದರೂ ಕಣ್ಣಿಗೆ ಸಾಲು ಕೆಟ್ಟಂತೆಯೇ ಕಾಣುತ್ತದೆ. ಅಲೈನ್ ಗುಂಡಿಗೆ ಚಿತ್ರದ ಅಂಚು ಗೊತ್ತು, ಚಿತ್ರದ ಒಳಗಿನ ನೆಲ ಗೊತ್ತಿಲ್ಲ. ಇದನ್ನು ಮಕ್ಕಳೇ ನೋಡಿ ಮಾಡಬೇಕು.

ಈ ಕೆಲಸಗಳನ್ನೆಲ್ಲ ಸ್ಲೈಡಿಗೆ ಹಾಕುವ ಮೊದಲೇ ಗಿಂಪ್‌ನಲ್ಲಿ ಮುಗಿಸಿಕೊಳ್ಳುವುದು ನನ್ನ ಸಲಹೆ. ಮೂಲ ಚಿತ್ರಗಳನ್ನು ಒಂದು ಫೋಲ್ಡರಿನಲ್ಲಿ ಮುಟ್ಟದೆ ಇಟ್ಟು, ತಿದ್ದಿದ ಪ್ರತಿಗಳನ್ನು ಇನ್ನೊಂದರಲ್ಲಿ ಇಡಿ. ಮಕ್ಕಳಿಂದ ಚಿತ್ರ ತರಿಸಿಕೊಳ್ಳುವಾಗ ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊ ಆಗಿ ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಕುಗ್ಗಿದ ಚಿತ್ರದ ಕತ್ತಲೆಯನ್ನು ಎತ್ತಿದರೆ ಚೌಕಚೌಕವಾಗಿ ಒಡೆದು ಕಾಣುತ್ತದೆ.

ಉತ್ತರ – ನೀರ್ಚಾಲಿನ ಗ್ರಂಥಪಾಲಕಿ

ಸ್ಟುಡಿಯೊದವರ ಮಾತಿಗೆ ಇನ್ನೊಂದು ಬಲವಾದ ಕಾರಣವನ್ನು ನಾನು ಸೇರಿಸುತ್ತೇನೆ. ಸ್ಲೈಡಿನೊಳಗೆ ಕ್ರಾಪ್ ಮಾಡಿದಾಗ ಕತ್ತರಿಸಿದ ಭಾಗ ಮರೆಯಾಗುತ್ತದೆಯೇ ಹೊರತು ಅಳಿದುಹೋಗುವುದಿಲ್ಲ. ಅದು ಫೈಲಿನ ಒಳಗೇ ಇರುತ್ತದೆ. ಫೈಲನ್ನು ಪಡೆದ ಯಾರು ಬೇಕಾದರೂ ಕ್ರಾಪ್ ಗುಂಡಿಯನ್ನು ಒತ್ತಿ ಅಂಚನ್ನು ಹೊರಕ್ಕೆ ಎಳೆದರೆ ಪೂರ್ತಿ ಚಿತ್ರ ಮತ್ತೆ ಮೂಡುತ್ತದೆ. ಚಿತ್ರದ ಬದಿಯಲ್ಲಿ ಮನೆಯವರ ಮುಖವೋ, ಮಕ್ಕಳ ಮುಖವೋ, ಅಂಗಳದಲ್ಲಿ ನಿಂತ ವಾಹನದ ನಂಬರೋ ಇದ್ದು, ಅದು ಬೇಡವೆಂದು ನೀವು ಕತ್ತರಿಸಿದ್ದರೆ, ಆ ಎಚ್ಚರಿಕೆಯೆಲ್ಲ ವ್ಯರ್ಥವಾದಂತೆ. ಒಪ್ಪಿಗೆ ಕೇಳಿ ಚಿತ್ರ ತೆಗೆದಿದ್ದೀರಿ ಎಂದು ಬರೆದಿದ್ದೀರಿ. ಆ ಒಪ್ಪಿಗೆ ಸುರಂಗಕ್ಕೆ ಸಿಕ್ಕಿದ್ದು, ಮನೆಯ ಒಳಾಂಗಣಕ್ಕೆ ಸಿಕ್ಕಿದ್ದಲ್ಲವಲ್ಲ. ಮೊಬೈಲಿನಲ್ಲಿ ಲೊಕೇಶನ್ ಆನ್ ಆಗಿದ್ದರೆ ಚಿತ್ರ ತೆಗೆದ ಜಾಗದ ಅಕ್ಷಾಂಶ-ರೇಖಾಂಶಗಳೂ ಫೋಟೊದ ಫೈಲಿನಲ್ಲಿ ಬರೆದಿರುತ್ತವೆ. ಗಿಂಪ್‌ನಿಂದ ಚಿತ್ರವನ್ನು ಎಕ್ಸ್‌ಪೋರ್ಟ್ ಮಾಡುವಾಗ ಎಕ್ಸಿಫ್ ಮಾಹಿತಿ ಉಳಿಸುವ ಗುರುತನ್ನು ತೆಗೆದುಹಾಕಿದರೆ ಅದು ಹೋಗುತ್ತದೆ.

ಈಗಾಗಲೇ ಸ್ಲೈಡಿನಲ್ಲಿಯೇ ಕ್ರಾಪ್ ಮಾಡಿರುವ ಚಿತ್ರಗಳಿದ್ದರೆ ದಾರಿಯಿಲ್ಲವೆಂದಲ್ಲ. ಇಂಪ್ರೆಸ್ಸಿನ ಟೂಲ್ಸ್ ಪಟ್ಟಿಯಲ್ಲಿ ‘ಮಿನಿಮೈಜ್ ಪ್ರೆಸೆಂಟೇಶನ್’ ಎಂಬುದಿದೆ. ಅದರಲ್ಲಿ ಕತ್ತರಿಸಿದ ಭಾಗಗಳನ್ನು ಅಳಿಸುವ ಆಯ್ಕೆಯೂ ಚಿತ್ರದ ರೆಸಲ್ಯೂಶನ್ ಇಳಿಸುವ ಆಯ್ಕೆಯೂ ಒಟ್ಟಿಗೇ ಸಿಗುತ್ತವೆ. ಬದಲಾವಣೆಯನ್ನು ಹೊಸ ಪ್ರತಿಯಲ್ಲಿ ಮಾಡಿಸಿಕೊಳ್ಳುವ ಅವಕಾಶವೂ ಇದೆ, ಅದನ್ನೇ ಬಳಸಿ. ಪವರ್‌ಪಾಯಿಂಟಿನಲ್ಲಿ ಚಿತ್ರವನ್ನು ಆರಿಸಿದಾಗ ಕಾಣಿಸುವ ಪಟ್ಟಿಯಲ್ಲಿ ‘ಕಂಪ್ರೆಸ್ ಪಿಕ್ಚರ್ಸ್’ ಒತ್ತಿದರೆ ಇವೇ ಎರಡು ಆಯ್ಕೆಗಳು ತೆರೆಯುತ್ತವೆ. ಅಲ್ಲಿ ‘ಈ ಚಿತ್ರಕ್ಕೆ ಮಾತ್ರ’ ಎಂಬ ಗುರುತನ್ನು ತೆಗೆದರೆ ಮಾತ್ರ ಎಲ್ಲ ಚಿತ್ರಗಳಿಗೂ ಅನ್ವಯವಾಗುತ್ತದೆ.

ಫೈಲಿನ ಭಾರಕ್ಕೂ ಇದೇ ಮದ್ದು. ಈಗಿನ ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರವೆಂದರೆ 3000×4000, ಅಂದರೆ 1 ಕೋಟಿ 20 ಲಕ್ಷ ಚುಕ್ಕೆಗಳು. ಮಾಷ್ಟ್ರು ಹೇಳಿದ 8.25×11 ಸೆಂ.ಮೀ. ಗಾತ್ರದಲ್ಲಿ ಅದನ್ನು ಇಟ್ಟರೆ, 1920×1080ರ ಪ್ರೊಜೆಕ್ಟರ್ ಕೂಡ ಅದಕ್ಕೆ ಸುಮಾರು 566×754 ಚುಕ್ಕೆಗಳನ್ನು ಮಾತ್ರ ಕೊಡಬಲ್ಲದು. ಹಲವು ಶಾಲೆಗಳಲ್ಲಿರುವ 1024×768ರ ಹಳೆಯ ಪ್ರೊಜೆಕ್ಟರಿನಲ್ಲಿ ಇನ್ನೂ ಕಡಿಮೆ. ಉಳಿದದ್ದೆಲ್ಲ ಲ್ಯಾಪ್‌ಟಾಪಿಗೆ ಹೊರೆ. ಚಿತ್ರವನ್ನು ಮೊದಲೇ 1200×1600ಕ್ಕೆ ಇಳಿಸಿಕೊಂಡರೆ ಬೇಕಾದಾಗ ಒಂದನ್ನು ದೊಡ್ಡದಾಗಿ ತೋರಿಸಲೂ ಸಾಲುತ್ತದೆ.

ಕನ್ನಡ ಅಕ್ಷರಗಳ ವಿಷಯ: ಹೆಸರುಪಟ್ಟಿಗಳು ಜಾಗ ಬಿಟ್ಟು ಹೋಗುವುದಕ್ಕೆ ಹೆಚ್ಚಾಗಿ ಕಾರಣ ಫಾಂಟ್. ಒಂದು ಕಂಪ್ಯೂಟರಿನಲ್ಲಿರುವ ಫಾಂಟ್ ಇನ್ನೊಂದರಲ್ಲಿ ಇಲ್ಲದಿದ್ದಾಗ ಅದು ಬೇರೆ ಫಾಂಟನ್ನು ಹಾಕಿಕೊಳ್ಳುತ್ತದೆ. ಅಕ್ಷರದ ಅಗಲ ಬದಲಾಗಿ ಸಾಲು ಮುರಿದು ಕೆಳಗಿಳಿಯುತ್ತದೆ. ಯೂನಿಕೋಡಿನ ನೋಟೊ ಸಾನ್ಸ್ ಕನ್ನಡದಂಥ ಒಂದೇ ಫಾಂಟನ್ನು ಎಲ್ಲರೂ ಹಾಕಿಕೊಳ್ಳಿ. ಇಂಪ್ರೆಸ್ಸಿನ ಫೈಲ್ ಪಟ್ಟಿಯ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಆಯ್ಕೆಯಿದೆ, ಅದಕ್ಕೂ ಗುರುತು ಹಾಕಿ. ಬಾಣ, ಹೆಸರುಪಟ್ಟಿ, ಚಿತ್ರ ಮೂರನ್ನೂ ಆರಿಸಿ ಗ್ರೂಪ್ ಮಾಡಿದರೆ ಆಮೇಲೆ ಎಲ್ಲಿಗೆ ಸರಿಸಿದರೂ ಒಟ್ಟಿಗೇ ಸರಿಯುತ್ತವೆ. ಅಕ್ಷರಗಳನ್ನು ಗಿಂಪ್‌ನಲ್ಲಿ ಚಿತ್ರದ ಮೇಲೆಯೇ ಬರೆದು ಅಂಟಿಸಬೇಡಿ, ಒಂದು ಕಾಗುಣಿತ ತಿದ್ದಬೇಕಾದರೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಮರುಪ್ರಶ್ನೆ – ಎಣ್ಮಕಜೆ ಟೀಚರ್

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಕತ್ತರಿಸಿದ ಭಾಗ ಫೈಲಿನಲ್ಲಿಯೇ ಉಳಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾಳೆಯೇ ಮಕ್ಕಳಿಗೆ ಅದನ್ನು ಮಾಡಿ ತೋರಿಸುತ್ತೇನೆ.

ಇನ್ನೊಂದು ಸಂಶಯವಿದೆ. ಒಬ್ಬ ವಿದ್ಯಾರ್ಥಿನಿ ಗುಡ್ಡವನ್ನು ಸೀಳಿದಂತೆ ಒಂದು ಅಡ್ಡನೋಟದ ಚಿತ್ರ ಬರೆದಿದ್ದಾಳೆ. ಮೇಲೆ ಗುಡ್ಡದ ಹುಲ್ಲು, ಕೆಳಗೆ ಮುರಕಲ್ಲು, ಅದರೊಳಗೆ ತುಸು ಇಳಿಜಾರಾಗಿ ಹೊರಬರುವ ಸುರಂಗ, ಬಾಯಿಯಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ (ನೀರು ಹರಿಯುವ ದೋಣಿಯಲ್ಲಿ) ಟ್ಯಾಂಕಿಗೆ ಬೀಳುವ ನೀರು ಎಲ್ಲವೂ ಬಹಳ ಚೆನ್ನಾಗಿ ಮೂಡಿವೆ. ಆದರೆ ಆ ಚಿತ್ರ ಉದ್ದಕ್ಕೆ ಅಡ್ಡವಾಗಿದೆ, ಫೋಟೊಗಳು ನೆಟ್ಟಗಿವೆ. ಎರಡನ್ನೂ ಒಂದೇ ಸ್ಲೈಡಿನಲ್ಲಿ ಇಡಬಹುದೇ, ಬೇರೆ ಬೇರೆ ಇಡುವುದು ವಾಸಿಯೇ?

ಉತ್ತರ – ಬದಿಯಡ್ಕದ ಮಾಷ್ಟ್ರು

ಟೀಚರ್, ಖಂಡಿತವಾಗಿ ಒಂದೇ ಸ್ಲೈಡಿನಲ್ಲಿ ಇಡಿ. ಫೋಟೊದಲ್ಲಿ ಕಾಣುವುದು ಒಂದು ಗೋಡೆ, ಒಂದು ಕತ್ತಲೆ, ಒಂದಿಷ್ಟು ನೀರು. ಅದು ಗುಡ್ಡದ ಯಾವ ಭಾಗದ್ದೆಂದು ಆ ಹುಡುಗಿಯ ಚಿತ್ರವಿಲ್ಲದೆ ತಿಳಿಯುವಂತಿಲ್ಲ. ಮೇಲುಗಡೆ ಒಂದು ಸೆಂಟಿಮೀಟರ್ ಬಿಟ್ಟು, ಅವಳ ಚಿತ್ರವನ್ನು 26 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರದ ಪಟ್ಟಿಯೊಳಗೆ ಹಿಡಿಯುವಂತೆ ಇಡಿ. ಆಕಾಶವೋ ಕೆಳಗಿನ ಮಣ್ಣೋ ಹೆಚ್ಚಾಗಿದ್ದರೆ ಅದನ್ನು ಕತ್ತರಿಸಿ, ಚಿತ್ರವನ್ನು ಮಾತ್ರ ಒತ್ತಿ ಚಪ್ಪಟೆ ಮಾಡಬೇಡಿ, ಇಳಿಜಾರಿನ ಕೋನ ಬದಲಾಗಿಬಿಡುತ್ತದೆ. ಅದರ ಕೆಳಗೆ ಅರ್ಧ ಸೆಂಟಿಮೀಟರ್ ಅಂತರದಲ್ಲಿ ಮೂರು ಫೋಟೊಗಳು ತಲಾ 8 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲದಲ್ಲಿ ನಿಲ್ಲುತ್ತವೆ, ಕೆಳಗೆ ಒಂದು ಸಾಲಿನ ವಿವರಣೆಗೂ ಜಾಗ ಉಳಿಯುತ್ತದೆ.

ಇಲ್ಲಿ ಮೂರು ಫೋಟೊಗಳ ನಡುವಿನ ಅಂತರ ಸಮವಾಗಿರಬೇಕೆಂಬ ಹಟ ಬೇಡ. ಮೊದಲು ನಾನು ಹೇಳಿದ ಡಿಸ್ಟ್ರಿಬ್ಯೂಟ್ ಆಯ್ಕೆಯನ್ನು ಈ ಸ್ಲೈಡಿನ ಮಟ್ಟಿಗೆ ಬಿಟ್ಟುಬಿಡಿ. ಸುರಂಗದ ಬಾಯಿಯ ಫೋಟೊ ಚಿತ್ರದಲ್ಲಿ ಬಾಯಿ ಇರುವಲ್ಲಿಗೆ ನೇರ ಕೆಳಗೆ, ಒಸರಿನ ಗೋಡೆಯ ಫೋಟೊ ಸುರಂಗದ ಕೊನೆಗೆ ನೇರ ಕೆಳಗೆ ಬರಲಿ. ಹಾಗೆ ಇಟ್ಟಾಗ ಚಿತ್ರದಲ್ಲಿ ನೀರು ಬಲಕ್ಕೆ ಹರಿಯುವುದಾದರೆ ಒಸರಿನ ಫೋಟೊ ಎಡಕ್ಕೆ, ಬಾಯಿಯ ಫೋಟೊ ಬಲಕ್ಕೆ ಬರುತ್ತದೆ, ಅಂದರೆ ಮೊದಲಿನ ಸ್ಲೈಡಿನ ಕ್ರಮಕ್ಕೆ ಇದು ತಿರುಗುಮುರುಗು. ಎರಡೂ ಕ್ರಮಗಳು ಬೆರೆತರೆ ಮಕ್ಕಳಿಗೂ ನೋಡುವವರಿಗೂ ಗೊಂದಲವಾಗುವುದರಿಂದ, ಒಂದೋ ಅವಳ ಚಿತ್ರವನ್ನು ಸ್ಕ್ಯಾನ್ ಮಾಡಿದ ಮೇಲೆ ಫ್ಲಿಪ್ ಆಯ್ಕೆಯಿಂದ ಎಡಬಲ ತಿರುಗಿಸಿ, ಇಲ್ಲವೇ ಮೊದಲಿನ ಸ್ಲೈಡನ್ನು ಇದಕ್ಕೆ ಸರಿಯಾಗಿ ಬದಲಾಯಿಸಿ. ತಿರುಗಿಸುವುದಾದರೆ ಚಿತ್ರದ ಮೇಲೆ ಕೈಯಿಂದ ಬರೆದ ಅಕ್ಷರಗಳಿವೆಯೇ ಎಂದು ಮೊದಲು ನೋಡಿಕೊಳ್ಳಿ, ಅವೂ ಕನ್ನಡಿಯ ಅಕ್ಷರಗಳಾಗುತ್ತವೆ. ಇದ್ದರೆ ಅವಳಿಂದಲೇ ಅಕ್ಷರವಿಲ್ಲದ ಇನ್ನೊಂದು ಪ್ರತಿ ಬರೆಸಿ ಹೆಸರುಗಳನ್ನು ಸ್ಲೈಡಿನಲ್ಲಿ ಟೈಪ್ ಮಾಡಿಸಿ.

ಮುಂದಿನ ಸ್ಲೈಡುಗಳಲ್ಲಿ ಒಂದೊಂದೇ ಫೋಟೊವನ್ನು ದೊಡ್ಡದಾಗಿ ತೋರಿಸುವಾಗಲೂ ಮೇಲಿನ ಅಡ್ಡಚಿತ್ರ ಅಲ್ಲೇ ಇರಲಿ. ಅದಕ್ಕಾಗಿ ಹೊಸ ಸ್ಲೈಡು ಮಾಡಿ ಚಿತ್ರವನ್ನು ಮತ್ತೆ ತಂದು ಹಾಕುವ ಬದಲು, ಇರುವ ಸ್ಲೈಡನ್ನೇ ಡೂಪ್ಲಿಕೇಟ್ ಮಾಡಿ ಕೆಳಗಿನ ಫೋಟೊಗಳನ್ನು ಮಾತ್ರ ಬದಲಾಯಿಸಬೇಕು. ಆಗ ಸ್ಲೈಡು ಸರಿದಾಗ ಮೇಲಿನ ಚಿತ್ರ ಒಂದು ಎಳೆಯಷ್ಟೂ ಅಲುಗುವುದಿಲ್ಲ. ಯಾವ ಭಾಗದ ಮಾತು ನಡೆಯುತ್ತಿದೆಯೋ ಅಲ್ಲಿಗೆ ಒಂದು ಸಣ್ಣ ಹಳದಿ ವೃತ್ತ ಹಾಕಿಸಿ. ಮುರಕಲ್ಲಿನ ಕೆಂಪಿನ ಮೇಲೆ ಕೆಂಪು ಬಾಣ ಕಾಣುವುದಿಲ್ಲ, ಹಳದಿ ಅಥವಾ ಬಿಳಿ ಎದ್ದು ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಇಂಪ್ರೆಸ್ಸಿನ ಫೈಲಿನ ಜೊತೆಗೆ ಒಂದು ಪಿಡಿಎಫ್ ಪ್ರತಿಯನ್ನೂ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಬೇರೆ ಶಾಲೆಯ ಕಂಪ್ಯೂಟರಿನಲ್ಲಿ ತೋರಿಸಬೇಕಾಗಿ ಬಂದರೆ ಅದರಲ್ಲಿ ಚಿತ್ರವೂ ಅಕ್ಷರವೂ ಇಟ್ಟ ಜಾಗದಲ್ಲೇ ಇರುತ್ತವೆ. ನಿಮ್ಮ ಶಾಲೆಯ ಪ್ರೊಜೆಕ್ಟರ್ 1024×768ರದ್ದೇ ಆಗಿದ್ದರೆ ಅದರ ಪರದೆ 4:3 ಪ್ರಮಾಣದ್ದು. 16:9 ಸ್ಲೈಡಿನ ಮೇಲೂ ಕೆಳಗೂ ಖಾಲಿ ಪಟ್ಟಿ ಬರುತ್ತದೆ. ಅಲ್ಲಿಯೇ ತೋರಿಸುವುದೆಂದು ಖಚಿತವಾದರೆ ಚಿತ್ರಗಳನ್ನು ಜೋಡಿಸಲು ಆರಂಭಿಸುವ ಮೊದಲೇ ಸ್ಲೈಡಿನ ಗಾತ್ರವನ್ನು 4:3ಕ್ಕೆ ಬದಲಾಯಿಸಿಕೊಳ್ಳಿ, ಎತ್ತರ 21 ಸೆಂ.ಮೀ. ಸಿಗುತ್ತದೆ. ನಿಮ್ಮ ನೆಟ್ಟಗಿನ ಚಿತ್ರಗಳಿಗೆ ಅದು ಇನ್ನೂ ಅನುಕೂಲ.